ಅವಿರೋಧವೆಂಬ ಹೊಗಳಿಕೆ

ಪಂಚಾಯಿತಿ ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ‘ಅವಿರೋಧ ಆಯ್ಕೆ’ಯ ಸುಗ್ಗಿ. ಹಾರ ಹಾಕಿಕೊಂಡವರ ಫೋಟೋ, ಜೊತೆಗೆ ‘ಊರಿನ ಒಗ್ಗಟ್ಟಿಗೆ ಮಾದರಿ’ ಎಂಬ ಮೆಚ್ಚುಗೆ. ವರ್ಷಗಟ್ಟಲೆ ಕನ್ನಡ ವ್ಯಾಕರಣ ಪಾಠ ಹೇಳಿದ ನನಗೆ ಈ ಪದ ಕಂಡಾಗಲೆಲ್ಲ ಕೈ ಕೆಂಪು ಪೆನ್ನಿಗೆ ಹೋಗುತ್ತದೆ.

ಬಿಡಿಸಿ ನೋಡೋಣ. ರೋಧವೆಂದರೆ ತಡೆ. ‘ವಿ’ ಎಂಬ ಉಪಸರ್ಗ ಸೇರಿ ವಿರೋಧ. ಅದರ ಮುಂದೆ ಇಲ್ಲವೆನ್ನುವ ‘ಅ’ ಕೂತು ಅವಿರೋಧ. ಈ ‘ಅ’ ಭಯಕ್ಕೆ ಸೇರಿದರೆ ಅಭಯ, ನ್ಯಾಯಕ್ಕೆ ಸೇರಿದರೆ ಅನ್ಯಾಯ. ಹಾಗಾದರೆ ವಿರೋಧ ಯಾವ ಸಾಲಿನದು? ಭಯದಂತೆ ತೊಲಗಬೇಕಾದದ್ದೋ, ನ್ಯಾಯದಂತೆ ಉಳಿಯಬೇಕಾದದ್ದೋ?

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯಕ್ಕೆ ಅವಿರೋಧಾಧ್ಯಾಯವೆಂದೇ ಹೆಸರು. ಅಲ್ಲಿ ಸಾಂಖ್ಯರೇ ಮೊದಲಾದವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಹೇಳುತ್ತಾರೆ. ಎದುರಾಳಿಯ ಮಾತು ಮೊದಲು, ಅವಿರೋಧ ಆಮೇಲೆ. ನಮ್ಮ ಊರುಗಳಲ್ಲೋ, ಯಾರೂ ಬಾಯಿ ತೆರೆಯುವ ಮುನ್ನವೇ ಅವಿರೋಧ!

ಕಣದಲ್ಲಿ ಉಳಿದವರು ಸ್ಥಾನಗಳಷ್ಟೇ ಇದ್ದರೆ ಮತದಾನ ಬೇಡವೆನ್ನುತ್ತದೆ ಕಾನೂನು. ಅದು ಸ್ಪರ್ಧೆಯಿಲ್ಲದ ಆಯ್ಕೆ, ಅಷ್ಟೆ. ನಾಮಪತ್ರ ಹಿಂದೆಗೆಸಿದವರು ಯಾರು, ಗುಡಿಯ ಕಟ್ಟೆಯ ಮೇಲೆ ಸ್ಥಾನ ಎಷ್ಟಕ್ಕೆ ಹೋಯಿತು ಎಂಬುದನ್ನು ‘ಅವಿರೋಧ’ ಮುಚ್ಚಿಡುತ್ತದೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಸ್ಥಾನಗಳ ಹರಾಜು ಸುದ್ದಿಯಾಗಿ, ರಾಜ್ಯ ಚುನಾವಣಾ ಆಯೋಗವೇ ಕ್ರಮಕ್ಕೆ ಸೂಚಿಸಬೇಕಾಯಿತು.

ನಮಗೆ ಹೆಂಗಸರಿಗೆ ಇದು ಇನ್ನೂ ಹತ್ತಿರದ ಮಾತು. 1983ರ ಕಾಯ್ದೆ ನಮಗೆ ಪಂಚಾಯಿತಿಗಳಲ್ಲಿ ಕಾಲುಭಾಗ ಕೊಟ್ಟಿತು, 1993ರದು ಮೂರರಲ್ಲೊಂದು, 2010ರಿಂದ ಅರ್ಧ. ಆದರೆ ಅವಿರೋಧ ತೀರ್ಮಾನವಾಗುವ ಆ ಕಟ್ಟೆಯ ಮೇಲೆ ಕೂತ ಹೆಂಗಸರೆಷ್ಟು? ಯಾರ ಸೊಸೆ, ಯಾರ ಹೆಂಡತಿ ಎಂದು ಗಂಡಸರು ಗೊತ್ತುಮಾಡುತ್ತಾರೆ. ಆಕೆ ಹಾರಕ್ಕೆ ಕೊರಳೊಡ್ಡುತ್ತಾಳೆ. ‘ನಮ್ಮ ಸೊಸೆ ಒಂದು ದಿನವೂ ಎದುರಾಡಿದವಳಲ್ಲ’ ಎಂದು ಮನೆಯಲ್ಲಿ ಹೊಗಳುವ ಬಾಯಿಯೇ ಊರಿನಲ್ಲಿ ಅವಿರೋಧವನ್ನು ಹೊಗಳುವುದು. ಹೆಣ್ಣು ನೋಡಲು ಬಂದಾಗ ಹುಡುಗಿ ಸುಮ್ಮನಿದ್ದರೆ ಒಪ್ಪಿಗೆ ಎನ್ನುತ್ತಾರಲ್ಲ, ಅದೇ ಲೆಕ್ಕ.

ಚುನಾವಣೆಯಾದರೆ ಜಗಳ, ದುಂದುವೆಚ್ಚ ಎನ್ನುವವರುಂಟು. ಸುಳ್ಳಲ್ಲ. ಆದರೆ ಜಗಳಕ್ಕೆ ಮದ್ದು ಮತಪೆಟ್ಟಿಗೆಯೇ. ದೊಣ್ಣೆ ಹಿಡಿಯದೆ, ಹೆಸರು ಹೇಳದೆ, ಗಂಡನಿಗೂ ತಿಳಿಯದಂತೆ ‘ನನಗಿವರು ಬೇಡ’ ಎನ್ನಲು ಹೆಣ್ಣಿಗಿರುವ ಜಾಗ ಅದೊಂದೇ. ಅದನ್ನೂ ಒಗ್ಗಟ್ಟಿನ ಹೆಸರಿನಲ್ಲಿ ಕಸಿದುಕೊಂಡರೆ ಉಳಿಯುವುದೇನು?

ಮುಂದೆ ‘ಅವಿರೋಧ ಆಯ್ಕೆ’ ಎಂಬುದು ಕಣ್ಣಿಗೆ ಬಿದ್ದರೆ ‘ಸ್ಪರ್ಧೆಯಿಲ್ಲದೆ’ ಎಂದು ತಿದ್ದಿ ಓದಿಕೊಳ್ಳಿ. ಸ್ಪರ್ಧೆ ಏಕಿರಲಿಲ್ಲವೆಂಬುದನ್ನು ಆ ಊರಿನ ಹೆಂಗಸರನ್ನೇ ಕೇಳಿ.