ಇಂಗಳದಾಳ್ ಗಣಿಯನ್ನೂ ಕಾಪಾಡಿ

ಚಿತ್ರದುರ್ಗಕ್ಕೆ ಬಂದವರು ಕೋಟೆ, ಚಂದ್ರವಳ್ಳಿ ನೋಡುತ್ತಾರೆ, ಬಿಡುವಿದ್ದರೆ ಜೋಗಿಮಟ್ಟಿ ಹತ್ತುತ್ತಾರೆ. ಹತ್ತಿರದಲ್ಲೇ ಇರುವ ಇಂಗಳದಾಳ್‌ನ ಮುಚ್ಚಿದ ತಾಮ್ರದ ಗಣಿಯನ್ನು ಕೇಳುವವರಿಲ್ಲ. ಈ ಭಾಗದ ಮಕ್ಕಳಿಗೆ ಭೂವಿಜ್ಞಾನ ಕಲಿಸಿದವಳು ನಾನು. ಆ ಜಾಗ ಹೀಗೆ ಹಾಳಾಗುವುದು ನನಗೆ ಸಹಿಸಲಾಗದು.

ಮರಡಿಹಳ್ಳಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 250 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಉಕ್ಕಿದ ಲಾವಾ, ನೀರು ತಾಕಿದೊಡನೆ ಉಂಡೆಯುಂಡೆಯಾಗಿ ಹೆಪ್ಪುಗಟ್ಟಿದ್ದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಇಂಗಳದಾಳ್‌ನ ಕಲ್ಲೂ ಅದೇ ಚಿತ್ರದುರ್ಗ ಶಿಲಾಪಟ್ಟಿಯ ಜ್ವಾಲಾಮುಖಿ ಶಿಲೆ. ಅದರ ಬಿರುಕುಗಳಲ್ಲಿ ಹರಿದ ಬಿಸಿನೀರು ತಾಮ್ರ, ಕಬ್ಬಿಣ, ಗಂಧಕವನ್ನು ಬಿಟ್ಟುಹೋಯಿತು. ಅರ್ಧ ಕಥೆಗೆ ಸ್ಮಾರಕದ ಗೌರವ, ಉಳಿದರ್ಧಕ್ಕೆ ಮುಳ್ಳುಕಂಟಿ!

ಅಲ್ಲಿನ ಅದಿರನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಹಿತ್ತಾಳೆ ಬಣ್ಣದ ಚಾಲ್ಕೊಪೈರೈಟ್, ಗಾಳಿಗೆ ಮಾಸಿದ ಕಡೆ ನೀಲಿ, ನೇರಳೆ. ಪಕ್ಕದಲ್ಲೇ ತಿಳಿ ಹಳದಿಯ ಪೈರೈಟ್. ಎರಡನ್ನೂ ಚಿನ್ನವೆಂದು ಹಿಗ್ಗುವ ಮಕ್ಕಳ ಕೈಗೆ ಚಾಕು ಕೊಡುತ್ತಿದ್ದೆ. ಪೈರೈಟ್ ಮೇಲೆ ಗೀರು ಮೂಡುವುದಿಲ್ಲ, ಚಾಲ್ಕೊಪೈರೈಟ್ ಮೇಲೆ ಸಲೀಸಾಗಿ ಮೂಡುತ್ತದೆ. ಮೆರುಗಿಲ್ಲದ ಬಿಳಿ ಹಂಚಿಗೆ ಉಜ್ಜಿದರೆ ಹಸಿರು ಬೆರೆತ ಕಪ್ಪು ಗೆರೆ. ಶುದ್ಧ ಚಾಲ್ಕೊಪೈರೈಟ್‌ನಲ್ಲಿ ತಾಮ್ರದ ತೂಕ ಶೇಕಡಾ 34ಕ್ಕೂ ಹೆಚ್ಚು, ಆದರೆ ಅದು ಕಲ್ಲಿನೊಳಗೆ ಎಳೆಎಳೆಯಾಗಿ ಹರಡಿರುವುದರಿಂದ ಅಗೆದಷ್ಟಕ್ಕೆ ಸಿಗುವುದು ಅಲ್ಪ.

ಹಟ್ಟಿ ಚಿನ್ನದ ಗಣಿ ಕಂಪನಿ ಇಲ್ಲಿ ತಾಮ್ರದ ಘಟಕ ನಡೆಸುವುದಕ್ಕೆ ಬಹಳ ಮುಂಚೆಯೇ ಜನ ಇಲ್ಲಿ ಅಗೆದಿದ್ದರು. ಹಳೆಯ ಗುಂಡಿಗಳೇ ಅದಕ್ಕೆ ಸಾಕ್ಷಿ. ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ, ಕಲ್ಲಿನ ಕೊಡಲಿಗಳ ಕಾಲದ ಪದರದಲ್ಲೇ ತಾಮ್ರ, ಕಂಚಿನ ಸಣ್ಣ ವಸ್ತುಗಳು ಸಿಕ್ಕವು. ಆ ತಾಮ್ರ ಎಲ್ಲಿಯದು? ಲೋಹದಲ್ಲಿರುವ ಸೀಸದ ಐಸೊಟೋಪುಗಳನ್ನು ಅದಿರಿನದರೊಂದಿಗೆ ಹೋಲಿಸಿದರೆ ಸುಳಿವು ಸಿಗುತ್ತದೆ. ಹಳೆಯ ಗುಂಡಿಯಲ್ಲಿ ಒಂದು ಚೂರು ಇದ್ದಿಲು ಸಿಕ್ಕರೂ ಕಾಲ ನಿರ್ಣಯಿಸಬಹುದು. ಗುಂಡಿಯನ್ನೇ ಮಣ್ಣು ತುಂಬಿ ಸಮ ಮಾಡಿದ ಮೇಲೆ ಏನನ್ನು ಪರೀಕ್ಷಿಸುವುದು?

ಆದ್ದರಿಂದ ಮೊದಲು ಹಳೆಯ ಗುಂಡಿಗಳ ಅಳತೆ, ನಕ್ಷೆ ಆಗಲಿ, ಬೇಲಿ ಬೀಳಲಿ. ಸುರಂಗದೊಳಗೆ ದುಡಿದವರು ನಮ್ಮ ನಡುವೆ ಇರುವಾಗಲೇ ಅವರ ಮಾತು ದಾಖಲಾಗಲಿ. ಇನ್ನೊಂದು ಕೆಲಸವನ್ನಂತೂ ಮುಂದೂಡಲೇಬಾರದು. ಗಂಧಕವಿರುವ ಗಣಿತ್ಯಾಜ್ಯಕ್ಕೆ ಗಾಳಿ, ಮಳೆನೀರು ಸೇರಿದರೆ ಆಮ್ಲವಾಗುತ್ತದೆ. ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ನೀರನ್ನು ಪ್ರತಿ ಮಳೆಗಾಲದ ನಂತರ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.