ಗುಳ್ಳೆಗೆ ಗರ್ಭಕೋಶ ಯಾಕೆ ಕೊಡಬೇಕು?

ಅಲ್ಲಾ ಸ್ವಾಮಿ, ಸ್ಕ್ಯಾನಿಂಗಿನಲ್ಲಿ ಅಂಡಾಶಯದ ಮೇಲೊಂದು ನೀರುಗುಳ್ಳೆ ಕಂಡ್ರೆ ಗರ್ಭಕೋಶ ಯಾಕೆ ತೆಗೀಬೇಕು? ಆಳಂದ, ಅಫಜಲಪುರ, ಜೇವರ್ಗಿಯಿಂದ ಬಸ್ ಹತ್ತಿ ಕಲಬುರಗಿಗೆ ಬರೋ ಹೆಣ್ಮಕ್ಕಳಿಗೆ “ಗಡ್ಡಿ ಆಗ್ಯಾದ, ಬಿಟ್ರ ಕ್ಯಾನ್ಸರ್ ಆಗ್ತದ” ಅಂದ್ರೆ ಮುಗೀತು, ಸಾಲ ಮಾಡಿ ಅಡ್ಮಿಟ್ ಆಗ್ತಾರೆ.

ಮುಟ್ಟು ನಿಲ್ಲದ ವಯಸ್ಸಿನಲ್ಲಿ 5 ಸೆಂಟಿಮೀಟರಿಗಿಂತ ಸಣ್ಣ, ಬರೀ ನೀರು ತುಂಬಿದ ಗುಳ್ಳೆ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನೇ ಕರಗುತ್ತೆ. ದೊಡ್ಡದಾಗ್ತಾ ಹೋದ್ರೆ, ಒಳಗೆ ಗಟ್ಟಿ ಭಾಗ ಇದ್ರೆ ಆಪರೇಷನ್ ಮಾತು ಬರುತ್ತೆ, ಒಪ್ಪಿದೆ. ಅಂಡಾಶಯ ತಿರುಚಿಕೊಂಡು ತಡೆಯಲಾರದ ನೋವು, ವಾಂತಿ ಶುರುವಾದ್ರಂತೂ ಕಾಯಲೇಬಾರದು. ಆಗಲೂ ಎಷ್ಟೋ ಸಲ ಗುಳ್ಳೆ ಮಾತ್ರ ತೆಗೆದು ಅಂಡಾಶಯ ಉಳಿಸಬಹುದು. ಮೂವತ್ತರಲ್ಲೇ ಎರಡೂ ಅಂಡಾಶಯ ಕಳ್ಕೊಂಡವಳ ಮೂಳೆ ಸವೆದರೆ ಯಾರು ಕೇಳ್ತಾರೆ?

ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಮಕ್ಕಳ ಗರ್ಭಕೋಶ ಬೇಕಿಲ್ಲದೆ ತೆಗೆದದ್ದು 2015ರಲ್ಲಿ ಬಯಲಾಯ್ತು. 2017ರಲ್ಲಿ ಅವರೇ ಬೀದಿಗಿಳಿದರು. ಇಂಥ ಆಪರೇಷನ್ ತಡೆಯೋ ಮಾರ್ಗಸೂಚಿಯನ್ನ ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿತು.

ನಾನು ಕೇಳೋದು ಅಷ್ಟು ದೊಡ್ಡದೇನಲ್ಲ. ಗುಳ್ಳೆ ಎಷ್ಟು ಸೆಂಟಿಮೀಟರ್, ಒಳಗೇನಿದೆ, ಕಾದ್ರೆ ಏನಾಗುತ್ತೆ... ಇಷ್ಟನ್ನ ಆಕೆಗೆ ತಿಳಿಯೋ ಭಾಷೇಲಿ ಹೇಳಿ. ಆಮೇಲೆ ಹೆಬ್ಬೆಟ್ಟು ಒತ್ತಿಸ್ಕೊಳ್ಳಿ.