‘ಮರಳಿ’ ಎಂಬ ಸಣ್ಣ ಮಾತು

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಎಂಬ ಕಾದಂಬರಿಯು 1940ರ ದಶಕದ ಆದಿಯಲ್ಲಿ ಪ್ರಕಟವಾದುದು. ಅದರ ಹೆಸರಿನ ಕೊನೆಗೆ ‘ಬನ್ನಿ’ ಎಂಬ ಇಲ್ಲದ ಕ್ರಿಯಾಪದವೊಂದನ್ನು ಮನಸ್ಸಿನಲ್ಲಿಯೇ ಸೇರಿಸಿಕೊಂಡು ಓದುವ ರಸಿಕರಿಗೆ ಕೊರತೆಯಿಲ್ಲ. ಪಟ್ಟಣವಾಸವು ಕೇಡು, ಹಳ್ಳಿಯೇ ಸ್ವರ್ಗ, ಆದಕಾರಣ ಸರ್ವರೂ ನೇಗಿಲು ಹಿಡಿಯತಕ್ಕದ್ದು ಎಂಬುದೇ ಗ್ರಂಥದ ತಾತ್ಪರ್ಯವೆಂದು ಇವರ ತೀರ್ಮಾನ. ಗ್ರಂಥಕರ್ತರು ಆಡದ ಮಾತನ್ನು ಅವರ ಬಾಯಲ್ಲಿಟ್ಟು ಹೊಗಳುವುದು ಯಾವ ನ್ಯಾಯ?

‘ಮರಳಿ’ ಎಂಬುದೇ ‘ಮರಳಿರಿ’ ಎಂಬ ವಿಧಿರೂಪದ ಸಂಕ್ಷೇಪವಲ್ಲವೆ ಎಂದು ಚತುರರು ಆಕ್ಷೇಪಿಸಬಹುದು. ಹಾಗಿದ್ದಲ್ಲಿ ಕನ್ನಡದ ಜಾಯಮಾನಕ್ಕೆ ಅನುಸಾರವಾಗಿ ‘ಮಣ್ಣಿಗೆ ಮರಳಿ’ ಎಂದಿರಬೇಕಾಗಿತ್ತು. ಮಾತು ಮೊದಲಿಗೆ ಬಂದುದರಿಂದಲೇ ಅದು ಆಜ್ಞೆಯಾಗದೆ ಅವ್ಯಯವಾಯಿತು. ಮುಂದೆ ಕ್ರಿಯಾಪದವಿಲ್ಲ, ಕರ್ತೃವೂ ಇಲ್ಲ. ಮರಳಿದವರು ಯಾರೆಂಬ ಆಕಾಂಕ್ಷೆಯನ್ನು ಹೆಸರು ಹಾಗೆಯೇ ಉಳಿಸಿದೆ; ಕಥೆಯೇ ಅದಕ್ಕೆ ಉತ್ತರ ಕೊಡಬೇಕು.

ಕಥೆಯಾದರೋ ಮೂರು ತಲೆಮಾರಿನದು. ರಾಮ ಐತಾಳರು ಕಡಲಿಗೂ ಹೊಳೆಗೂ ನಡುವಣ ಕೋಡಿಯಲ್ಲಿ ಬಾಳಿದವರು. ಮಗ ಲಚ್ಚನು ಇಂಗ್ಲಿಷ್ ವಿದ್ಯೆ ಕಲಿತು, ದುರ್ವ್ಯಸನಗಳಿಗೆ ಬಿದ್ದು ಮನೆತನವನ್ನು ಹಾಳುಗೆಡಹಿದನು. ಮದರಾಸು, ಮುಂಬಯಿಗಳನ್ನು ಕಂಡು ಊರಿಗೆ ಹಿಂದಿರುಗಿದವನು ಮೊಮ್ಮಗ ರಾಮನೊಬ್ಬನೇ. ಮರಳಬೇಕಾದರೆ ಮೊದಲು ತೊರೆದಿರಬೇಕಷ್ಟೆ! ಐತಾಳರ ಮಡದಿ ಪಾರೋತಿ, ವಿಧವೆಯಾದ ತಂಗಿ ಸರಸೋತಿ, ಇವರು ಆ ಮಣ್ಣಿನ ದುಡಿಮೆಯನ್ನು ತೊರೆದವರೇ ಅಲ್ಲ. ಗದ್ದೆಯ ಕೆಸರೂ ಮನೆಯ ಚಾಕರಿಯೂ ಅವರ ಪಾಲಿಗೆ ಬಂದುವು. ‘ಮರಳಿ’ ಎಂಬ ಗೌರವ ಮಾತ್ರ ಬರಲಿಲ್ಲ. ಮೊಮ್ಮಗನ ಮರಳುವಿಕೆಗೆ ನೆಲೆಯೊಂದು ಉಳಿದಿದ್ದುದು ಇಂಥ ಹೆಂಗಸರ ಬೆವರಿನಿಂದ. ಗ್ರಾಮಜೀವನದ ಸ್ತೋತ್ರಪಾಠಕರು ಇವರ ಬೆನ್ನುನೋವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾರೋತಿಗೆ ‘ಮಣ್ಣಿಗೆ ಬನ್ನಿ’ ಎಂದು ಉಪದೇಶಿಸುವ ಧೈರ್ಯ ಯಾರಿಗಿದೆ?

ಇಂಗ್ಲಿಷಿಗೆ ಬಂದ ಅನುವಾದಗಳಲ್ಲಿ ಒಂದು ‘ದಿ ವಿಸ್ಪರಿಂಗ್ ಅರ್ತ್’ ಎಂಬ ಹೆಸರನ್ನು ತಳೆದಿದೆ. ಪಿಸುಗುಟ್ಟುವ ಭೂಮಿ! ಹೆಸರು ಇಂಪಾಗಿದೆ, ಸಂದೇಹವಿಲ್ಲ. ಆದರೆ ‘ಮರಳಿ’ ಹೋಯಿತು. ಅದರೊಡನೆ ಊರನ್ನು ತೊರೆದ ತಪ್ಪೂ ತಿರುಗಿ ಬಂದ ನಾಚಿಕೆಯೂ ಹೋದುವು. ‘ಗೆ’ ಎಂಬ ಚತುರ್ಥಿಯ ಒಂದಕ್ಷರವೂ ಉಳಿಯಲಿಲ್ಲ. ‘ಮಣ್ಣಿಗೆ ಹೋಗಿ ಬಂದೆವು’ ಎಂದು ಕನ್ನಡಿಗರು ಹೇಳುವುದು ಹೊಲಕ್ಕೆ ಹೋಗಿ ಬಂದಾಗಲ್ಲ, ಹೆಣವನ್ನು ಕಳುಹಿಸಿ ಬಂದಾಗ. ಮೂರು ತಲೆಮಾರಿನ ಸಾವುಗಳನ್ನು ಕಂಡ ಮನೆಯ ಕಥೆಗೆ ಇಟ್ಟ ಹೆಸರಿನಲ್ಲಿ ಆ ಅರ್ಥವೂ ಕೇಳಿಸದಿರುವುದೇ?